ಕಾರ್ಪೆಟ್ ಹಾಸುವ ಮುಂಚೆ ನೆಲಕ್ಕೆ ಸೀಲರ್: ನನ್ನ ಅನುಭವ

ಮೊದಲ ಸಲ ಮಾಡಿದ್ದು ಶುದ್ಧ ದಡ್ಡತನ. ನೆಲಮಾಳಿಗೆಯ ಕೋಣೆಯ ಕಾಂಕ್ರೀಟ್ ನೆಲವನ್ನು ಗುಡಿಸಿ, ಒರೆಸಿ, ಸೀಲರ್, ಅಂದರೆ ನೆಲದ ಸಣ್ಣ ರಂಧ್ರಗಳನ್ನು ಮುಚ್ಚಲು ಬಳಿಯುವ ದ್ರವ, ಹಚ್ಚದೆ ನೇರವಾಗಿ ಕಾರ್ಪೆಟ್ ಹಾಸಿಬಿಟ್ಟಿದ್ದೆ. ಕೈಯಿಟ್ಟು ನೋಡಿದರೆ ಒಣಗಿಯೇ ಇತ್ತಲ್ಲ! ಆರು ತಿಂಗಳಿಗೆ ಮುಗ್ಗಲು ವಾಸನೆ ಶುರುವಾಯಿತು. ಮೂಲೆ ಎತ್ತಿ ನೋಡಿದರೆ ಕೆಳಗೆ ಕಪ್ಪು ಬೂಷ್ಟು, ನೆಲದ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಕಾಂಕ್ರೀಟಿನೊಳಗಿಂದ ಮೇಲೇರುವ ತೇವ ತನ್ನ ಜೊತೆ ಲವಣವನ್ನೂ ಹೊತ್ತು ತಂದು, ತಾನು ಆರಿ, ಅದನ್ನು ಅಲ್ಲೇ ಬಿಟ್ಟಿತ್ತು. ಕಾರ್ಪೆಟ್ ಎಸೆದೆ.

ಎರಡನೇ ಸಲ ಮೊದಲು ಪರೀಕ್ಷೆ. 45 ಸೆಂ.ಮೀ. ಚದರದ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕು ಕಡೆ ನೆಲಕ್ಕಿಟ್ಟು, ಅಂಚಿಗೆಲ್ಲ ಟೇಪ್ ಹಚ್ಚಿದೆ. 16 ಗಂಟೆ ಸಾಕು ಅಂತಾರೆ, ನಾನು ಎರಡು ದಿನ ಬಿಟ್ಟೆ. ಮೂರು ಹಾಳೆ ಒಣಗಿದ್ದವು. ಹೊರಗೋಡೆಯ ಪಕ್ಕದ್ದರ ಒಳಮೈಯಲ್ಲಿ ಹನಿಗಳು, ಕೆಳಗಿನ ಕಾಂಕ್ರೀಟ್ ಕಪ್ಪಾಗಿತ್ತು. ಹೊರಗೆ ಹೋಗಿ ನೋಡಿದರೆ ಮಳೆನೀರಿನ ಪೈಪು ಸರಿಯಾಗಿ ಆ ಗೋಡೆಯ ಬುಡಕ್ಕೇ ನೀರು ಸುರಿಯುತ್ತಿತ್ತು! ಅದನ್ನು ದೂರಕ್ಕೆ ತಿರುಗಿಸಿ, ಒಂದು ತಿಂಗಳು ಫ್ಯಾನ್ ಹಾಕಿಟ್ಟೆ. ನೀರೇ ನುಗ್ಗುವ ನೆಲಕ್ಕೆ ಯಾವ ಸೀಲರ್ ಬಳಿದರೂ ಒಂದಲ್ಲ ಒಂದು ದಿನ ಸಿಪ್ಪೆಯಂತೆ ಏಳುತ್ತದೆ.

ಯಾವ ಸೀಲರ್? ಸಿಲಿಕೇಟ್ ಬಗೆಯದು ಕಾಂಕ್ರೀಟಿನೊಳಗೆ ಇಳಿದು ಗಟ್ಟಿ ಮಾಡುತ್ತದೆ, ಪುಡಿ ಏಳುವುದನ್ನು ನಿಲ್ಲಿಸುತ್ತದೆ. ಆವಿಯನ್ನು ಪೂರ್ತಿ ತಡೆಯುವುದಿಲ್ಲ. ನನಗೆ ತಡೆಯೇ ಬೇಕಿತ್ತು. ಹಾಗಾಗಿ ತೇವ ತಡೆಯಲೆಂದೇ ಮಾಡಿದ ಎರಡು ಡಬ್ಬಿಯ ಎಪಾಕ್ಸಿ ತಂದೆ; ಎರಡನ್ನೂ ಕಲಸಿದರೆ ಗಟ್ಟಿಯಾಗುವ ಅಂಟಿನಂಥ ರಾಳ ಅದು.

ಬಳಿಯುವುದಕ್ಕಿಂತ ನೆಲ ಸಿದ್ಧಮಾಡುವುದೇ ದೊಡ್ಡ ಕೆಲಸ. ಅಲ್ಲಲ್ಲಿ ನೀರಿನ ಹನಿ ಬಿಟ್ಟು ನೋಡಿದೆ. ಹೀರಿಕೊಂಡರೆ ಸರಿ, ಮಣಿಯಂತೆ ನಿಂತರೆ ಅಲ್ಲಿ ಎಣ್ಣೆಯೋ ಹಳೇ ಬಣ್ಣವೋ ಇದೆ ಎಂದರ್ಥ. ಆಸಿಡ್ ಹಾಕಿ ತೊಳೆ ಎಂದವರಿದ್ದರು. ಒಣಗಿಸಲು ಪಟ್ಟ ಪಾಡಿನ ಮೇಲೆ ಮತ್ತೆ ನೀರು ಸುರಿಯಲು ನನಗೆ ಮನಸ್ಸಾಗಲಿಲ್ಲ, ಗ್ರೈಂಡರ್‌ನಲ್ಲಿ ಉಜ್ಜಿದೆ. ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ, ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಬಿರುಕು ತುಂಬಿ, ಎರಡು ಸಲ ವ್ಯಾಕ್ಯೂಮ್ ಮಾಡಿದೆ.

ಎಪಾಕ್ಸಿ ಕಲಸಿ ಬಕೆಟ್ಟಿನಲ್ಲೇ ಬಿಟ್ಟು ಫೋನ್ ಎತ್ತಲು ಹೋದೆ. ಬರುವಷ್ಟರಲ್ಲಿ ಬಕೆಟ್ ಕೈ ಸುಡುತ್ತಿತ್ತು, ಒಳಗಿದ್ದದ್ದು ಕಲ್ಲು. ಒಟ್ಟಿಗೆ ಇದ್ದಷ್ಟೂ ಅದು ಬಿಸಿಯೇರಿ ಬೇಗ ಗಟ್ಟಿಯಾಗುತ್ತದೆ. ಆಮೇಲಿಂದ ಸ್ವಲ್ಪ ಸ್ವಲ್ಪವೇ ಕಲಸಿ, ತಕ್ಷಣ ನೆಲಕ್ಕೆ ಸುರಿದು ರೋಲರ್ ಎಳೆದೆ. ಎರಡನೇ ಕೋಟನ್ನು ಮೊದಲಿನದಕ್ಕೆ ಅಡ್ಡಲಾಗಿ ಕೊಟ್ಟೆ. ಒಣಗಿದ ಮೇಲೆ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಅವನ್ನು ಬ್ರಷ್ಷಿನಿಂದ ಮುಚ್ಚಿದೆ.

ಕಾರ್ಪೆಟ್ ಹಾಸಲು ಬಂದವರು ಅಂಚಿನ ಮುಳ್ಳುಪಟ್ಟಿಗೆ (ಕಾರ್ಪೆಟ್ಟನ್ನು ಹಿಡಿದಿಡುವ, ಮೊನಚು ಮುಳ್ಳುಗಳ ಪಟ್ಟಿ) ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ್ದರು. ಒಂದೊಂದು ಮೊಳೆಯೂ ಸೀಲರ್‌ಗೆ ಒಂದೊಂದು ತೂತು. ತಡೆದು, ಪಟ್ಟಿಯನ್ನು ಅಂಟಿನಿಂದಲೇ ಕೂರಿಸಿದೆವು.