ಪಾರ್ಕಿನ್ಸನ್ಸ್ ಇದ್ದರೂ ಚಾರಿಟಿ ಓಟ: ಮಾತ್ರೆಯ ಟೈಮಿನಿಂದ ಲೆಕ್ಕ ಶುರು ಮಾಡಿ

ಚಾರಿಟಿ ಓಟಕ್ಕೆ ಹೆಸರು ಕೊಡಬೇಕು ಅಂತ ಮನಸ್ಸಾಗಿದೆಯಾ? ಡಾಕ್ಟರ್ ಸರಿ ಅಂದರೆ ಧಾರಾಳವಾಗಿ ಕೊಡಿ. ನಡುಕ, ಬಿಗಿತ ತಂದು ಚಲನೆಯನ್ನು ನಿಧಾನ ಮಾಡುವ ಮಿದುಳಿನ ಕಾಯಿಲೆ ಪಾರ್ಕಿನ್ಸನ್ಸ್ ಬಂದ ಮೇಲೆ ಸುಮ್ನೆ ಕೂತಿರಬೇಕು ಅನ್ನುವ ಕಾಲ ಹೋಯಿತು. 2018ರಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಅಧ್ಯಯನದಲ್ಲಿ, ಕಾಯಿಲೆ ಹೊಸದಾಗಿ ಪತ್ತೆಯಾಗಿ ಇನ್ನೂ ಮಾತ್ರೆ ಶುರು ಮಾಡದವರಲ್ಲಿ ಕೆಲವರು ಆರು ತಿಂಗಳು ಟ್ರೆಡ್‌ಮಿಲ್ ಮೇಲೆ ಜೋರಾಗಿಯೇ ವ್ಯಾಯಾಮ ಮಾಡಿದರು, ಗರಿಷ್ಠ ಹೃದಯ ಬಡಿತದ ಶೇಕಡಾ 80ರಿಂದ 85ರ ಗುರಿ ಇಟ್ಟುಕೊಂಡು. ಅವರ ಚಲನೆಯ ತೊಂದರೆಗಳು ಹೆಚ್ಚುಕಮ್ಮಿ ಇದ್ದಲ್ಲೇ ಇದ್ದವು, ಎಂದಿನಂತೆ ಇದ್ದವರಲ್ಲಿ ಜಾಸ್ತಿಯಾದವು. ಅದು ಚಿಕ್ಕ ಅಧ್ಯಯನ. ಓಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರೂ ಹೇಳಿಲ್ಲ. ಆದರೂ ನನ್ನಂಥವರಿಗೆ ಅಷ್ಟು ಭರವಸೆ ಸಾಕು.

ಬೇರೆಯವರ ತರಬೇತಿ ಕಿಲೋಮೀಟರ್ ಲೆಕ್ಕದಿಂದ ಶುರುವಾಗುತ್ತದೆ. ನಮ್ಮದು ಮಾತ್ರೆಯ ಲೆಕ್ಕದಿಂದ. ಈ ಕಾಯಿಲೆಯ ಮುಖ್ಯ ಮಾತ್ರೆ ಲೆವೊಡೋಪಾ ತಗೊಳ್ಳುವವರಿಗೆ ಗೊತ್ತು, ಮಾತ್ರೆ ಕೆಲಸ ಮಾಡುವ 'ಆನ್' ಹೊತ್ತಿನಲ್ಲಿ ಕಾಲು ಹೇಳಿದ ಮಾತು ಕೇಳುತ್ತದೆ, 'ಆಫ್' ಆದಾಗ ಕೇಳುವುದಿಲ್ಲ. ಹಾಗಾಗಿ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಿರಿ, ಯಾವಾಗ ಆನ್ ಆಯಿತು, ಯಾವಾಗ ಇಳಿಯಿತು, ಅದಕ್ಕೆ ಮುಂಚೆ ಏನು ತಿಂದಿದ್ದಿರಿ. ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ತಗೊಂಡರೆ ಕೆಲವರಿಗೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ, ಯಾಕೆಂದರೆ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಎರಡಕ್ಕೂ ಒಂದೇ ದಾರಿ. ಓಟದ ಬೆಳಗ್ಗೆ ಪ್ರೋಟೀನ್ ಬಾರ್ ತಿನ್ನುವ ಅಭ್ಯಾಸ ಇದ್ದರೆ ಇದನ್ನು ನೆನಪಿಡಿ.

ಆ ಪುಸ್ತಕ ತಗೊಂಡು ಡಾಕ್ಟರ ಹತ್ತಿರ ಹೋಗಿ. ಓಟ ಎಷ್ಟು ಗಂಟೆಗೆ, ನಿಮಗೆ ಎಷ್ಟು ಹೊತ್ತು ಹಿಡಿಯಬಹುದು ಅಂತ ಹೇಳಿ, ಡೋಸ್ ಹೇಗೆ ಹೊಂದಿಸುವುದು ಅಂತ ಕೇಳಿ. ನೀವಾಗಿಯೇ ಒಂದು ಮಾತ್ರೆ ಹೆಚ್ಚು ನುಂಗುವ ಕೆಲಸ ಬೇಡವೇ ಬೇಡ. ಮಲಗಿದಾಗ ಒಂದು ಸಲ, ಎದ್ದು ನಿಂತಾಗ ಒಂದು ಸಲ ಬಿಪಿ ನೋಡಲು ಹೇಳಿ. ನಿಂತ ಕೂಡಲೇ ಬಿಪಿ ಇಳಿಯುವುದು ನಮ್ಮಲ್ಲಿ ಸಾಮಾನ್ಯ, ಬಿಸಿಲು ಮತ್ತು ಬೆವರು ಸೇರಿದರೆ ತಲೆಸುತ್ತು ಬೇಗ ಬರುತ್ತದೆ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ತಗೊಳ್ಳುವವರು ಅದನ್ನೂ ಹೇಳಿ, ಅದು ಬೆವರನ್ನೇ ಕಡಿಮೆ ಮಾಡುತ್ತದೆ, ಸೆಖೆಯಲ್ಲಿ ಮೈ ತಂಪಾಗುವುದಿಲ್ಲ. ಕಳೆದ ಕೆಲವು ತಿಂಗಳಲ್ಲಿ ಬಿದ್ದಿದ್ದರೆ ಮುಚ್ಚಿಡಬೇಡಿ. ಓಟದ ಬದಲು ನಡಿಗೆ ವಿಭಾಗ ಸೇರಿ ಅಂದರೆ ಸೇರಿ, ದುಡ್ಡು ಸೇರುವುದು ಅದೇ ಕೆಲಸಕ್ಕೆ ಅಲ್ವಾ?

ಅಭ್ಯಾಸವನ್ನು ಆದಷ್ಟು ಓಟದ ಹೊತ್ತಿಗೇ ಮಾಡಿ, ಅದೇ ಮಾತ್ರೆ, ಅದೇ ತಿಂಡಿ, ಅದೇ ಶೂ. ಮೊದಲು ನಡಿಗೆ, ಆಮೇಲೆ ನಡುನಡುವೆ ಒಂದೊಂದು ನಿಮಿಷ ಓಟ, ನಿಧಾನಕ್ಕೆ ಏರಿಸಿ. ಗಡಿಯಾರ ತೋರಿಸುವ ಹೃದಯ ಬಡಿತವನ್ನೇ ನಂಬಬೇಡಿ. ನಮ್ಮಲ್ಲಿ ಕೆಲವರಿಗೆ ಎಷ್ಟು ಕಷ್ಟಪಟ್ಟರೂ ಬಡಿತ ಅಷ್ಟಾಗಿ ಏರುವುದಿಲ್ಲ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ನೋಡಿ, ಅದೇ ಒಳ್ಳೆಯ ಅಳತೆ. ಸುಸ್ತಾದಾಗ ಹೆಜ್ಜೆ ಚಿಕ್ಕದಾಗುತ್ತದೆ, ಒಂದು ಕೈ ಬೀಸುವುದು ನಿಲ್ಲುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಇದು ನಿಮಗೆ ಗೊತ್ತೇ ಆಗದಿರಬಹುದು. ಜೊತೆಗೆ ಓಡುವವರಿಗೆ ಹೇಳಿಡಿ, "ದೊಡ್ಡ ಹೆಜ್ಜೆ" ಅಂತ ಎರಡೇ ಪದ ಕೂಗಲಿ. ಅದು ಬಿಟ್ಟು ಹರಟೆ ಬೇಡ, ಮಾತಾಡುತ್ತಾ ಓಡುವಾಗ ಗಮನ ಎರಡು ಕಡೆ ಹೋಗಿ ಎಡವುವುದು ಜಾಸ್ತಿ. ಫೋನಿನಲ್ಲಿ ಮೆಟ್ರೋನಮ್ ಹಾಕಿಕೊಂಡು ಆ ತಾಳಕ್ಕೆ ಕಾಲು ಹಾಕುವುದು ತುಂಬಾ ಜನರಿಗೆ ಕೆಲಸ ಮಾಡುತ್ತದೆ.

ಫ್ರೀಜ್ ಆಗುವವರು ಇದನ್ನು ಗಮನವಿಟ್ಟು ಓದಿ. ಕಾಲು ನೆಲಕ್ಕೆ ಅಂಟಿಕೊಳ್ಳುವುದು ಸಾಮಾನ್ಯವಾಗಿ ಇಕ್ಕಟ್ಟಿನಲ್ಲಿ, ತಿರುವಿನಲ್ಲಿ, ಬಾಗಿಲಿನಂಥ ಜಾಗದಲ್ಲಿ, ಅವಸರದಲ್ಲಿ. ಓಟದ ಶುರುವಿನ ಗೇಟಿನಲ್ಲಿ ಇದೆಲ್ಲ ಒಟ್ಟಿಗೇ ಇರುತ್ತದೆ. ಅದಕ್ಕೇ ಎಲ್ಲರಿಗಿಂತ ಹಿಂದೆ, ಒಂದು ಬದಿಗೆ ನಿಲ್ಲಿ. ಜನ ಚದುರಿದ ಮೇಲೆ ಹೊರಡಿ. ತಿರುವಿನಲ್ಲಿ ಗಕ್ಕನೆ ತಿರುಗದೆ ದೊಡ್ಡ ಸುತ್ತು ಹಾಕಿ. ಅಂಟಿಕೊಂಡರೆ ಎಳೆದಾಡಬೇಡಿ, ನಿಲ್ಲಿ, ಉಸಿರು ಬಿಡಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, ನೆಲದ ಮೇಲೆ ಒಂದು ಗೆರೆ ಇದೆ ಅಂದುಕೊಂಡು ಅದನ್ನು ದಾಟಿ. ಜೊತೆಗಾರರು ಕೈ ಹಿಡಿದು ಎಳೆಯಬಾರದು, ಬೀಳುವುದು ಹಾಗೇ. ಕೊನೆಯ ಗೇಟ್ ಹತ್ತಿರ ಬಂದಾಗ ಅದನ್ನೇ ದಿಟ್ಟಿಸದೆ ಅದರ ಆಚೆ ಇರುವ ಯಾವುದಾದರೂ ಕಂಬವನ್ನೋ ಮರವನ್ನೋ ನೋಡುತ್ತಾ ದಾಟಿ, ದಾಟಿದ ಮೇಲೂ ಒಮ್ಮೆಗೇ ನಿಲ್ಲಬೇಡಿ.

ಸಣ್ಣ ವಸ್ತುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಲಾಸ್ಟಿಕ್ ಲೇಸ್ ಹಾಕಿಸಿ. ನಂಬರ್ ಚೀಟಿಯನ್ನು ಹಿಂದಿನ ರಾತ್ರಿಯೇ ಯಾರಿಂದಾದರೂ ಪಿನ್ ಮಾಡಿಸಿ. ಕೈ ನಡುಗುವವರಿಗೆ ಪೇಪರ್ ಕಪ್ ನೀರು ಕಷ್ಟ, ಬಾಯಲ್ಲೇ ಎಳೆದು ಕುಡಿಯುವ ಬಾಟಲಿ ನಿಮ್ಮದೇ ಇರಲಿ.

ಜೇಬಿನಲ್ಲಿ ಎರಡು ವಸ್ತು ಕಡ್ಡಾಯ. ಒಂದು, ಮುಂದಿನ ಡೋಸ್, ಬೆವರು ತಾಗದಂತೆ ಪುಟ್ಟ ಡಬ್ಬಿಯಲ್ಲಿ, ಫೋನಿನಲ್ಲಿ ಅಲಾರಂ ಇಟ್ಟು. ಎರಡು, ಒಂದು ಕಾರ್ಡ್. ನಮ್ಮ ದನಿ ಸಣ್ಣದು, ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ, ತೂರಾಡಿದರೆ ಕುಡಿದಿದ್ದಾರೆ ಅಂದುಕೊಳ್ಳುವವರೂ ಇರುತ್ತಾರೆ. ಕಾರ್ಡಿನಲ್ಲಿ ಕಾಯಿಲೆಯ ಹೆಸರು, ಮಾತ್ರೆ ಮತ್ತು ಹೊತ್ತು, ಮನೆಯವರ ನಂಬರ್ ಬರೆಯಿರಿ. ಮಿದುಳಿಗೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಡಿಬಿಎಸ್ ಸಾಧನ ಹಾಕಿಸಿಕೊಂಡಿದ್ದರೆ ಅದನ್ನೂ. ಇನ್ನೊಂದು ಸಾಲು ದೊಡ್ಡ ಅಕ್ಷರದಲ್ಲಿ: ವಾಂತಿ ಬಂದರೆ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜೀನ್ ಕೊಡಬೇಡಿ. ಇವು ನಮ್ಮ ಮಿದುಳಿನಲ್ಲಿ ಮೊದಲೇ ಕಡಿಮೆಯಿರುವ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನೇ ತಡೆದು ನಮ್ಮ ಲಕ್ಷಣಗಳನ್ನು ಕೆರಳಿಸುತ್ತವೆ.

ಇನ್ನು ದುಡ್ಡು ಕೂಡಿಸುವ ಮಾತು. ದೇಣಿಗೆ ಕೇಳುವ ಪೋಸ್ಟ್ ಹಾಕುವ ಮೊದಲು ಮನೆಯವರಿಗೆ, ಆಪ್ತರಿಗೆ, ಕೆಲಸದ ಜಾಗದಲ್ಲಿ ತಿಳಿಯಬೇಕಾದವರಿಗೆ ನೀವೇ ಬಾಯಾರೆ ಹೇಳಿ. ಒಮ್ಮೆ ಹೊರಗೆ ಬಿದ್ದ ವಿಷಯವನ್ನು ವಾಪಸ್ ತಗೊಳ್ಳಲು ಆಗುವುದಿಲ್ಲ. ಹೇಳಿಕೊಳ್ಳಲು ಇಷ್ಟವಿಲ್ಲವಾದರೆ ಕಾಯಿಲೆಯ ಹೆಸರಿಲ್ಲದೆಯೂ ದೇಣಿಗೆ ಕೇಳಬಹುದು, ಅದರಲ್ಲಿ ಮೋಸ ಏನೂ ಇಲ್ಲ. ಹೇಳುವುದಾದರೆ ಕರುಣೆ ಬರಲಿ ಅಂತ ಬರೆಯಬೇಡಿ. ದುಡ್ಡು ಯಾವ ಸಂಸ್ಥೆಗೆ, ಅದರಿಂದ ಏನು ನಡೆಯುತ್ತದೆ, ಫಿಸಿಯೋಥೆರಪಿಗಾ, ಸಂಶೋಧನೆಗಾ, ಅದನ್ನು ನೇರವಾಗಿ ಬರೆಯಿರಿ. ವಿಡಿಯೊ ಮಾಡುವುದಿದ್ದರೆ ಆನ್ ಇರುವಾಗ ಮಾಡಿ.

ಓಟ ಮುಗಿದ ದಿನ ಮಾತ್ರೆಯ ಹೊತ್ತು ತಪ್ಪಬಾರದು. ಎಲ್ಲರೂ ಖುಷಿಯಲ್ಲಿ ಫೋಟೊ ತೆಗೆಯುತ್ತಿರುವಾಗಲೇ ಅದು ಮರೆತುಹೋಗುವುದು. ಮಾರನೇ ದಿನ ಮೈ ಬಿಗಿಯುವುದು ಸಹಜ, ಏನೂ ಕೆಲಸ ಇಟ್ಟುಕೊಳ್ಳಬೇಡಿ. ಆ ವಾರದೊಳಗೆ ದೇಣಿಗೆ ಕೊಟ್ಟ ಪ್ರತಿಯೊಬ್ಬರಿಗೂ ಒಟ್ಟು ಎಷ್ಟು ಸೇರಿತು, ಎಲ್ಲಿಗೆ ಹೋಯಿತು ಅಂತ ಬರೆದು ಕಳಿಸಿ.