ರೈನ್ ಹೊಳೆಗೆ ಎದುರಾಗಿ: ಸೇಂಟ್ ಗೋರ್‌ನಿಂದ ಬಿಂಗೆನ್, ನನ್ನ ಅನುಭವ

ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದರೆ ಜರ್ಮನಿಯ ಫ್ರಾಂಕ್‌ಫರ್ಟ್ ಕಡೆಯ ನಮ್ಮವರು ರೈನ್ ದಡದ ಕೋಟೆಗಳನ್ನು ತೋರಿಸಲು ಸಾಮಾನ್ಯವಾಗಿ ರೂಡೆಸ್‌ಹೈಮ್‌ನಲ್ಲಿ ಹಡಗು ಹತ್ತಿಸಿ ಸೇಂಟ್ ಗೋರ್‌ನಲ್ಲಿ ಇಳಿಸುತ್ತಾರೆ. ನೀರು ಹರಿದ ಕಡೆಗೇ ಹೋಗುವುದರಿಂದ ಬೇಗ ಮುಗಿಯುತ್ತದೆ. ನಾನು ಇದನ್ನು ತಿರುವಿ ಹಾಕಿದಾಗ "ಅಷ್ಟು ಹೊತ್ತು ಯಾರು ಕೂರ್ತಾರೆ ಮಾರಾಯ" ಅಂದವರೇ ಹೆಚ್ಚು. ಈಗ ಅವರೇ ಹಡಗಿನ ಟೈಮಿಂಗ್ ಕೇಳುತ್ತಿದ್ದಾರೆ.

ಲೆಕ್ಕ ಸರಳ. ಸೇಂಟ್ ಗೋರ್‌ನಿಂದ ಬಿಂಗೆನ್‌ಗೆ ಸುಮಾರು 28 ಕಿ.ಮೀ. ಇಳಿಮುಖವಾಗಿ ಒಂದೂವರೆ ಗಂಟೆ, ಎದುರಾಗಿ ಹೆಚ್ಚುಕಡಿಮೆ ಎರಡೂಮುಕ್ಕಾಲು. ದಡದಲ್ಲಿ ಬಿಳಿ ಹಲಗೆಯ ಮೇಲೆ ಕಪ್ಪು ಅಂಕಿಗಳಿವೆಯಲ್ಲ, ಹೊಳೆಯ ಮೇಲ್ಭಾಗದ ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಎಣಿಸಿದ ಕಿಲೋಮೀಟರು, ಅವನ್ನಿಟ್ಟುಕೊಂಡು ಗಡಿಯಾರ ನೋಡಿದ್ದೇನೆ. ಇಳಿಯುವಾಗ ಒಂದು ಹಲಗೆಯಿಂದ ಇನ್ನೊಂದಕ್ಕೆ ಮೂರು ನಿಮಿಷ, ಏರುವಾಗ ಆರರ ಹತ್ತಿರ. ಮೂರು ನಿಮಿಷದಲ್ಲಿ ಕೋಟೆಯ ಹೆಸರು ಹೇಳಿ ಫೋನ್ ತೆಗೆಯುವಷ್ಟರಲ್ಲಿ ಕೋಟೆ ಬೆನ್ನ ಹಿಂದೆ ಹೋಗಿರುತ್ತದೆ. ಹೊಳೆ ನಡುವೆ ನಿಂತ ಕೌಬ್‌ನ ಪ್ಫಾಲ್ಜ್‌ಗ್ರಾಫನ್‌ಸ್ಟೈನ್, 1327ರಲ್ಲಿ ಶುರುವಾದ ಸುಂಕದ ಕಟ್ಟೆ, 546ನೇ ಹಲಗೆಯ ಬಳಿ ಬರುತ್ತದೆ. ಎದುರು ಹೋದರೆ ಅದನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಸಾವಧಾನವಾಗಿ ನೋಡಬಹುದು.

ಆದರೆ ನನ್ನ ಮಟ್ಟಿಗೆ ಮುಖ್ಯ ಸಂಗತಿ ಬಾರ್ಜ್‌ಗಳು, ಅಂದರೆ ಸರಕು ಸಾಗಿಸುವ ಉದ್ದನೆಯ ದೋಣಿಗಳು. ಸರಕು ತುಂಬಿದ ಬಾರ್ಜು ಹೊಳೆಗೆ ಎದುರು ತೆವಳುವ ವೇಗಕ್ಕೂ ನಮ್ಮ ಹಡಗಿನ ವೇಗಕ್ಕೂ ಬಹಳ ವ್ಯತ್ಯಾಸವಿಲ್ಲ. 110 ಮೀಟರ್ ಉದ್ದ, ಹನ್ನೊಂದು ಚಿಲ್ಲರೆ ಮೀಟರ್ ಅಗಲ, ಅಂಚಿನವರೆಗೂ ನೀರು. ಹತ್ತು ನಿಮಿಷ ಜೊತೆಜೊತೆಗೇ ಸಾಗುತ್ತೇವೆ. ಹಿಂಬದಿಯ ಮನೆಯ ಚಾವಣಿ ಮೇಲೆ ಕಾರು, ಅದನ್ನು ದಡಕ್ಕಿಳಿಸುವ ಸಣ್ಣ ಕ್ರೇನು, ಕಿಟಕಿಗೆ ಪರದೆ. ಮಾವನವರು ಕೋಟೆ ಮರೆತು ಅದನ್ನೇ ನೋಡುತ್ತಾ ಕೂತರು.

ಬಾರ್ಜಿನ ಚಾಲಕನ ಕೋಣೆಯ ಬಲಮಗ್ಗುಲಲ್ಲಿ ನೀಲಿ ಹಲಗೆ ಎದ್ದು, ನಡುವೆ ಬಿಳಿ ದೀಪ ಮಿಣುಕಿದರೆ "ನಿನ್ನ ಬಲಕ್ಕೆ ನನ್ನ ಬಲ ಬರುವಂತೆ ದಾಟು" ಎಂದರ್ಥ. ಯಾವ ಬದಿ ಎಂದು ತೀರ್ಮಾನಿಸುವುದು ಏರುವ ಹಡಗು, ಇಳಿಯುವವನು ಒಪ್ಪಬೇಕು. ತಿರುವಿನ ಒಳಬದಿಯಲ್ಲಿ ಸೆಳೆತ ಕಮ್ಮಿ, ಏರುವವನಿಗೆ ಅದೇ ಬೇಕು. ಒಂದು ನೀಲಿ ಶಂಕು ಕಂಡರೆ ಬೆಂಕಿ ಹತ್ತುವ ಸರಕು, ಎರಡಿದ್ದರೆ ಆರೋಗ್ಯಕ್ಕೆ ಕುತ್ತು ತರುವಂಥದ್ದು. ಸೇಂಟ್ ಗೋರ್ ಬಳಿ ಲೋರೆಲೈ ಬಂಡೆಯ ತಿರುವು ತಮಾಷೆಯಲ್ಲ. 2011ರ ಜನವರಿಯಲ್ಲಿ ಸಲ್ಫ್ಯೂರಿಕ್ ಆಸಿಡ್ ಹೊತ್ತ ಟ್ಯಾಂಕರ್ ಆ ಹತ್ತಿರವೇ ಮಗುಚಿತು.

ಎಡವಿದ್ದೂ ಉಂಟು. ಮೊದಲ ಸಲ ಕೊಬ್ಲೆನ್ಸ್‌ನಿಂದಲೇ ಏರಿದೆ, ಆರು ಗಂಟೆ. ಮಾರ್ಕ್ಸ್‌ಬುರ್ಗ್ ಕೋಟೆ ದಾಟುತ್ತಲೇ ಹಿರಿಯರಿಗೆ ನಿದ್ದೆ, ಮಕ್ಕಳಿಗೆ ರಗಳೆ. ಇನ್ನೊಂದು ಸಲ ತಪ್ಪು ದಂಡೆಯ ಟ್ರೈನು ಹತ್ತಿ ಸೇಂಟ್ ಗೋರ್‌ನ ಎದುರು ದಂಡೆಯ ಸೇಂಟ್ ಗೋರ್ಸ್‌ಹೌಸನ್‌ನಲ್ಲಿ ಇಳಿದೆ. ಕಣ್ಣೆದುರೇ ನಮ್ಮ ಜೆಟ್ಟಿ, ನಡುವೆ ಹೊಳೆ. ಮೈನ್ಸ್ ಬಿಟ್ಟರೆ ಕೊಬ್ಲೆನ್ಸ್‌ವರೆಗೆ ಸೇತುವೆಯಿಲ್ಲ, ಫೆರ್ರಿಯೇ ಗತಿ. ಸೇಂಟ್ ಗೋರ್ ಇರುವ ಎಡದಂಡೆಗೆ ಆರ್‌ಬಿ 26 ಲೋಕಲ್ ಟ್ರೈನು, ಬಲದಂಡೆಗೆ ಆರ್‌ಬಿ 10, ಇಷ್ಟು ನೆನಪಿಡಿ. ದಂಡೆಯ ಎಡಬಲ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ಹೇಳುವುದು. ಎದುರು ಹೋಗುವಾಗ ಬಲದಂಡೆ ನಿಮ್ಮ ಎಡಗೈಗೆ ಬರುತ್ತದೆ. ಬಿಂಗೆನ್‌ನಲ್ಲಿ ಜೆಟ್ಟಿಗೆ ಹತ್ತಿರದ್ದು ಬಿಂಗೆನ್ ಸ್ಟಾಡ್ಟ್ ಸ್ಟೇಷನ್; ಹೌಪ್ಟ್‌ಬಾನ್‌ಹೋಫ್ (ಮುಖ್ಯ ಸ್ಟೇಷನ್) ನಂಬಿದರೆ ಮೊಣಕಾಲು ನೋವಿನವರ ಬೈಗುಳ ಕೇಳಬೇಕು.

ದುಡ್ಡು: ಐವರಿಗೆ ಟ್ರೈನಿನ ಒಂದು ದಿನದ ರೀಜನಲ್ ಟಿಕೆಟ್ 80-90 ಯೂರೋ, ವಾರದ ದಿನ ಬೆಳಗ್ಗೆ 9ಕ್ಕೆ ಮುಂಚೆ ನಡೆಯದು. ಹಡಗಿಗೆ ತಲೆಗೆ ಇಪ್ಪತ್ತರ ಆಸುಪಾಸು. ಅಲ್ಲಿಗೆ ಐವರಿಗೆ ಇನ್ನೂರು. ಪ್ಯಾಕೇಜ್ ಬಸ್ಸಿನವರು ಕೇಳಿದ್ದು ತಲೆಗೇ ನೂರರ ಮೇಲೆ. ಹಡಗಿಗೆ ಹೋಗಿಬರುವ ಟಿಕೆಟ್ ಕೊಳ್ಳಬೇಡಿ, ಒಂದು ಕಡೆಯದು ಸಾಕು. ಡಬ್ಬಿಯ ಪುಳಿಯೋಗರೆ ಹತ್ತುವ ಮುಂಚೆ ಸೇಂಟ್ ಗೋರ್ ದಡದ ಬೆಂಚಿನಲ್ಲೇ ಮುಗಿಸಿ.

ಮಧ್ಯಾಹ್ನದ ಬಿಸಿಲು ಬಲದಂಡೆಗೆ ಬೀಳುತ್ತದೆ. ಆ ಕಡೆಯ ಕಾಟ್ಜ್, ಗುಟೆನ್‌ಫೆಲ್ಸ್, ಎಹ್ರೆನ್‌ಫೆಲ್ಸ್ ಕೋಟೆಗಳು ಫೋಟೋದಲ್ಲಿ ಚೆನ್ನಾಗಿ ಬರುತ್ತವೆ, ಎಡದಂಡೆಯ ರೈನ್‌ಸ್ಟೈನ್ ಕಪ್ಪಾಗುತ್ತದೆ. ಎದುರು ಹೋಗುವುದಕ್ಕೆ ತೆರುವ ಬೆಲೆ ಇದೊಂದೇ. ಮೇಲಿನ ಡೆಕ್‌ನಲ್ಲಿ ಗಾಳಿ ಹೊಡೆಯದೆ ಎರಡೂ ದಂಡೆ ಕಾಣುವ ಜಾಗವೊಂದಿದೆ. ಅದನ್ನು ಮಾತ್ರ ಬರೆಯಲ್ಲ, ಮುಂದಿನ ಸಲ ನನಗೇ ಸಿಗದೆ ಹೋದೀತು.

ಹೊರಡುವ ಹಿಂದಿನ ರಾತ್ರಿ ಕೌಬ್‌ನ ನೀರಿನ ಮಟ್ಟ ನೋಡುವ ಹುಚ್ಚು ಹತ್ತಿದೆ. ಅಲ್ಲಿನ ಅಂಕಿ ಹೊಳೆಯ ಆಳವಲ್ಲ. ಹಡಗು ದಾರಿಯ ಆಳಕ್ಕೆ ಅದರ ಮೇಲೆ ಒಂದು ಮೀಟರಿಗಿಂತ ತುಸು ಹೆಚ್ಚು ಸೇರಿಸಿ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂ.ಮೀ.ಗೆ ಇಳಿದಿತ್ತು. ನೀರು ಕಮ್ಮಿಯಾದರೆ ಬಾರ್ಜುಗಳು ಅರ್ಧಂಬರ್ಧ ಸರಕು ಹೊರುತ್ತವೆ, ಅಷ್ಟೇ ಸರಕಿಗೆ ಹೆಚ್ಚು ಬಾರ್ಜು ಓಡುತ್ತವೆ, ನಮಗೆ ಲಾಭ. ಆದರೆ ಹಡಗು ಕೆಲವು ಜೆಟ್ಟಿ ಬಿಟ್ಟುಬಿಡಬಹುದು, ವಿಚಾರಿಸಿಕೊಳ್ಳಿ. ಮಟ್ಟ 460 ಸೆಂ.ಮೀ. ದಾಟಿದರೆ ನಿರ್ಬಂಧ, 640 ದಾಟಿದರೆ ಸಂಚಾರವೇ ಬಂದ್. ಅಂಥ ದಿನ ಮೈನ್ಸ್‌ನಿಂದ ಆರ್‌ಬಿ 26 ಹತ್ತಿ ಬಲಗಡೆಯ ಕಿಟಕಿ ಹಿಡಿಯಿರಿ.