ಐದಕ್ಕೆ ಐದು ಕೊಟ್ಟುಕೊಂಡವರು

ಸಾಗರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಮಕ್ಕಳ ಬಾಯಲ್ಲಿ ‘ಲೈಬ್ರರಿ ಸರ್’. ಕಳೆದ ಮಳೆಗಾಲದಲ್ಲಿ ಮೊದಲ ವರ್ಷದ ಬಿ.ಎ. ತರಗತಿಗೆ ಒಂದು ಹಾಳೆ ಹಂಚಿದೆ: ‘ಬೇಕಾದ ಮಾಹಿತಿ ಹುಡುಕಲು, ಅದು ಸರಿಯೋ ತಪ್ಪೋ ತೂಗಿ ನೋಡಲು ನಿಮಗೆ ಎಷ್ಟು ಬರುತ್ತದೆ? ಐದಕ್ಕೆ ಎಷ್ಟು ಕೊಟ್ಟುಕೊಳ್ಳುತ್ತೀರಿ?’ ನಾಲ್ಕಕ್ಕಿಂತ ಕೆಳಗೆ ಇಳಿದವರು ಅಲ್ಲೊಬ್ಬರು ಇಲ್ಲೊಬ್ಬರು.

ಮರುವಾರ ಪರೀಕ್ಷೆ. ವಿಷಯ ನಮ್ಮ ಜಿಲ್ಲೆಯದೇ, ಮಂಗನ ಕಾಯಿಲೆ. ಮೊದಲು ಎಲ್ಲಿ, ಯಾವಾಗ ಪತ್ತೆಯಾಯಿತು? ಹೇಗೆ ಹರಡುತ್ತದೆ? ಈಗಲೂ ಲಸಿಕೆ ಹಾಕುತ್ತಾರಾ? ಎಲ್ಲಿ ನೋಡಿದಿರಿ, ಅದನ್ನೇ ಯಾಕೆ ನಂಬಿದಿರಿ ಅನ್ನುವುದನ್ನೂ ಬರೆಯಬೇಕು.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು, 1957. ಇದು ಎಲ್ಲರಿಗೂ ಸಿಕ್ಕಿತು, ಫೋನಿನಲ್ಲಿ ಮೊದಲ ಸಾಲಿಗೇ ಬರುತ್ತದೆ. ಕಾಯಿಲೆ ಮುಖ್ಯವಾಗಿ ಹರಡುವುದು ಉಣುಗು ಕಚ್ಚಿ. ಐದಕ್ಕೆ ಐದು ಕೊಟ್ಟುಕೊಂಡಿದ್ದ ಹುಡುಗನೊಬ್ಬ ‘ಮಂಗ ಕಚ್ಚಿದರೆ ಬರುತ್ತದೆ’ ಎಂದು ಬರೆದಿದ್ದ. ಎಲ್ಲಿ ನೋಡಿದೆಯೋ ಅಂದರೆ ‘ಗೂಗಲ್ ಸರ್’. ಗೂಗಲ್ ಅಂದರೆ ಪೇಟೆಬೀದಿ ಮಾರಾಯ, ಯಾವ ಅಂಗಡಿ ಅಂತ ನಾನು ಕೇಳಿದ್ದು! ಹೆಚ್ಚಿನವರು ಜಾರಿದ್ದು ಲಸಿಕೆಯ ಪ್ರಶ್ನೆಯಲ್ಲಿ. ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದ್ದಾರೆ, ಹಳೆಯ ಪುಟಗಳು ಮಾತ್ರ ಇಂದಿಗೂ ‘ಲಸಿಕೆ ಹಾಕಿಸಿಕೊಳ್ಳಿ’ ಎನ್ನುತ್ತಿವೆ. ಪುಟದ ತಾರೀಕು ನೋಡಿದವರೇ ಕಡಿಮೆ. ನೋಡಿದವಳೊಬ್ಬಳು ಹೊಸನಗರದ ಕಡೆಯ ಹುಡುಗಿ, ತನಗೆ ಎರಡೇ ಅಂಕ ಕೊಟ್ಟುಕೊಂಡವಳು. ‘ಇದು ಹಳೆಯದು, ಇದು ಹೊಸದು, ಅದಕ್ಕೇ ಇದನ್ನು ನಂಬಿದೆ’ ಎಂದು ಎರಡು ಪುಟಗಳ ತಾರೀಕನ್ನೂ ಗುರುತು ಹಾಕಿದ್ದಳು. ಮತ್ತೆ ಎರಡೇ ಯಾಕಮ್ಮ ಅಂದೆ. ‘ಎಷ್ಟು ನೋಡಿದ್ರೂ ಅನುಮಾನ ಹೋಗಲ್ವಲ್ಲ ಸರ್.’

ಬಾರದವರಿಗೆ ತಮಗೆ ಬಾರದ್ದೇ ಕಾಣುವುದಿಲ್ಲ ಎಂದು ಮನಶ್ಶಾಸ್ತ್ರಜ್ಞರಾದ ಡನ್ನಿಂಗ್ ಮತ್ತು ಕ್ರೂಗರ್ 1999ರಲ್ಲೇ ತೋರಿಸಿದ್ದಾರೆ: ಸುಮಾರು 12ನೇ ಪರ್ಸೆಂಟೈಲ್‌ನಲ್ಲಿದ್ದವರು, ಅಂದರೆ ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಹನ್ನೆರಡನೆಯ ಜಾಗದ ಆಸುಪಾಸಿನವರು, ತಾವು 62ರಲ್ಲಿದ್ದೇವೆ ಎಂದುಕೊಂಡಿದ್ದರು. ನಾನೂ ಅವರ ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನನ್ನ ಹಾಳೆಯನ್ನೇ ಮತ್ತೆ ಓದಿದಾಗ ನಾಚಿಕೆಯಾಯಿತು. ಮಾಹಿತಿ ಹುಡುಕಲು ಬರುತ್ತದಾ ಅಂದರೆ ಫೋನ್ ಹಿಡಿದವರು ಯಾರು ತಾನೇ ಇಲ್ಲ ಅಂತಾರೆ?

ಈ ವರ್ಷ ಪ್ರಶ್ನೆ ಬದಲಿಸಿದೆ. ‘ಪುಸ್ತಕದ ಕೊನೆಯ ಪದಸೂಚಿ ಹಿಡಿದು ಏನಾದರೂ ಹುಡುಕಿದ್ದೀರಾ? ಓದುವ ಪುಟ ಯಾರು ಬರೆದದ್ದು, ಯಾವಾಗಿನದು ಎಂದು ಕೊನೆಯ ಸಲ ಯಾವಾಗ ನೋಡಿದಿರಿ?’ ಅಂಕ ಕೇಳುವ ಸಾಲು ಎಲ್ಲಕ್ಕಿಂತ ಕೆಳಗೆ. ಅಲ್ಲಿಗೆ ಬರುವಷ್ಟರಲ್ಲಿ ಪೆನ್ನುಗಳು ನಿಧಾನವಾದವು. ಕಿಟಕಿ ಪಕ್ಕ ಕೂತಿದ್ದವನೊಬ್ಬ ನಾಲ್ಕು ಬರೆದು, ಹೊಡೆದುಹಾಕಿ, ‘ಅರ್ಧ ಅಂಕ ಹಾಕ್ಬಹುದಾ ಸರ್, ಎರಡೂವರೆ?’ ಎಂದು ಕೇಳಿದ.